ನಟ್ಟು ಬಿಗಿದರೆ ಸಾಲದು

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿ ಮುಗಿಸಿ, ಊರಿನ ಗ್ಯಾರೇಜೊಂದರಲ್ಲಿ ನಾಲ್ಕು ವರ್ಷ ಸ್ಪ್ಯಾನರ್ ಹಿಡಿದು ಪಳಗಿ, ಅನಂತರ ಶಾರ್ಜಾಕ್ಕೆ ಹೋದ ಹುಡುಗ. ಅಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಜಗಲಿಯಲ್ಲಿ ಕುಳಿತು ಊರ ಸುದ್ದಿ, ಮನೆ ಸುದ್ದಿ ಎಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಯಾರೋ ಹಣವಂತರು ತಮ್ಮ ಇಷ್ಟದಂತೆ ಕಟ್ಟಿಸಿಕೊಂಡ ಹಾರ್ಲೆ ಎಂಜಿನಿನ ಮೋಟಾರ್ ಸೈಕಲ್. ಅದರ ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ನಮ್ಮೂರ ಬುಲೆಟ್ಟಿನದರಂತೆ ನಯವಾದ ಎರಡು ಕೊಳವೆಯದಲ್ಲ. ಮುಂದೊಂದು ಜೊತೆ, ಹಿಂದೊಂದು ಜೊತೆ ಕಾಲುಗಳು. ಹ್ಯಾಂಡಲಿನ ಬಳಿ ಬಯಲಿಗೇ ಕಾಣುವಂತೆ ಥಳಥಳಿಸುವ ಸ್ಪ್ರಿಂಗುಗಳು. ಇದಕ್ಕೆ ಸ್ಪ್ರಿಂಗರ್ ಫೋರ್ಕ್ ಎಂದು ಹೆಸರು ಎಂದು ಅವನೇ ತಿಳಿಸಿದ.

ಅವನು ಚಿತ್ರ ತೋರಿಸಿದ್ದು ಬಡಾಯಿಗಲ್ಲ. ಆ ಬೈಕಿನ ಯಜಮಾನರು ಒಂದು ದಿನ ಬಂದು, 'ಮುಂದು ಕುಣಿಯುತ್ತದೆ, ಸ್ಪ್ರಿಂಗ್ ಬಿಗಿ ಮಾಡು' ಎಂದರಂತೆ. ಇವನು ಮೇಲಿನ ನಟ್ಟುಗಳನ್ನು ತಿರುಗಿಸಿ ಬಿಗಿ ಮಾಡಿ ಕೊಟ್ಟ. ಮೂರನೆಯ ದಿನ ತಿರುವೊಂದರ ಹಂಪಿನಲ್ಲಿ ಬೈಕ್ ಮಗುಚಿ ಯಜಮಾನರ ಭುಜದ ಎಲುಬು ಮುರಿಯಿತು. ಅಂಗಡಿಯವರು ಇವನ ಒಂದು ತಿಂಗಳ ಸಂಬಳ ಕಡಿದರು.

'ಮಾಷ್ಟ್ರೇ, ಬಿಗಿ ಮಾಡು ಎಂದದ್ದು ಅವರು. ಬಿಗಿ ಮಾಡಿದ್ದು ನಾನು. ಇದರಲ್ಲಿ ತಪ್ಪು ಯಾರದ್ದು?' ಎಂದು ಕೇಳಿದ.

ನಾವು ಅಂದು ಉತ್ತರ ಕೊಡಲಿಲ್ಲ. ಚಹಾ ಕುಡಿಸಿ ಕಳುಹಿಸಿಕೊಟ್ಟೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ಯಂತ್ರದ ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆವು, ಊರಿನ ಇಬ್ಬರು ಹಿರಿಯ ಮೆಕ್ಯಾನಿಕರ ಬಳಿ ಕುಳಿತು ಕೇಳಿ ತಿಳಿದೆವು. ಈ ಲೇಖನ ಅವನಿಗೆ ನಾವು ಕೊಡಬೇಕಾಗಿದ್ದ ಉತ್ತರ.

ಕಾಸರಗೋಡಿನ ಕನ್ನಡ ಪತ್ರಿಕೆಗೆ ಅಮೆರಿಕದ ಮೋಟಾರ್ ಸೈಕಲಿನ ಸ್ಪ್ರಿಂಗ್ ಯಾಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಕನ್ನಡ ಶಾಲೆಗಳಿಂದ ಹೊರಬಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಗಲ್ಫಿನ ಗ್ಯಾರೇಜುಗಳಲ್ಲಿ ದುಡಿಯುತ್ತಿದ್ದಾರೆ ಎಂಬುದನ್ನು ಉಪ್ಪಳದಲ್ಲಾಗಲಿ ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ಯಾರನ್ನು ಕೇಳಿದರೂ ಹೇಳಿಯಾರು. ಅವರ ಕೈಗೆ ಬರುವ ಯಂತ್ರ ಯಾವ ದೇಶದ್ದಾದರೂ ಅದನ್ನು ಬಿಚ್ಚುವ ಕೈ ನಮ್ಮದು. ಆ ಕೈಗೆ ನಾವು ಏನು ಕಲಿಸಿ ಕಳುಹಿಸಿದ್ದೇವೆ ಎಂಬುದೇ ಇಲ್ಲಿನ ವಿಚಾರ.

ಮೊದಲು ಈ ಯಂತ್ರದ ಪೂರ್ವೋತ್ತರ ಸ್ವಲ್ಪ ಹೇಳಬೇಕು. 1903ರಲ್ಲಿ ಹುಟ್ಟಿದ ಹಾರ್ಲೆ-ಡೇವಿಡ್‌ಸನ್ ಕಂಪೆನಿ ಕೆಲವೇ ವರ್ಷಗಳಲ್ಲಿ ತನ್ನ ಬೈಕುಗಳ ಮುಂಚಕ್ರಕ್ಕೆ ಸ್ಪ್ರಿಂಗಿನ ಫೋರ್ಕ್ ಹಾಕತೊಡಗಿತು. ಮಣ್ಣು ರಸ್ತೆಯ ಕಾಲ. ಸ್ಪ್ರಿಂಗಿಲ್ಲದೆ ಸವಾರನ ಕೈ ಉಳಿಯುತ್ತಿರಲಿಲ್ಲ. 1948ರ ತನಕ ಅದರ ದೊಡ್ಡ ಬೈಕುಗಳಲ್ಲಿ ಇದೇ ಇತ್ತು. 1949ರಲ್ಲಿ ಎಣ್ಣೆ ತುಂಬಿದ ಕೊಳವೆಯ ಫೋರ್ಕ್ ಬಂದು ಇದನ್ನು ಮೂಲೆಗೆ ತಳ್ಳಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆಗಾಗಿ ತಯಾರಾದ ಹಾರ್ಲೆಗಳೂ ಸ್ಪ್ರಿಂಗರುಗಳೇ. ಯುದ್ಧ ಮುಗಿದ ಮೇಲೆ ಸೇನೆಯವರು ಮಾರಿಬಿಟ್ಟ ಅಂಥ ಬೈಕುಗಳಿಗೆ ಹಿಂದೆ ಗಾಡಿ ಜೋಡಿಸಿ ದೆಹಲಿಯವರು 'ಫಟ್‌ಫಟಿ' ಎಂಬ ಮೂರು ಚಕ್ರದ ಬಾಡಿಗೆ ವಾಹನ ಮಾಡಿಕೊಂಡರು. 1990ರ ದಶಕದ ಕೊನೆಯವರೆಗೂ ಅವು ಚಾಂದನಿ ಚೌಕದ ಕಡೆ ಓಡುತ್ತಿದ್ದವು. ಅತ್ತ ಅಮೆರಿಕದಲ್ಲಿ ಹಳೆಯ ಬೈಕುಗಳನ್ನು ಕತ್ತರಿಸಿ, ಫೋರ್ಕ್ ಉದ್ದ ಮಾಡಿ, ಮನಸ್ಸಿಗೆ ಬಂದಂತೆ ಕಟ್ಟುವ ಹುಚ್ಚು ಹಬ್ಬಿತು. ಹಳೆಯ ಅಂದಕ್ಕೆ ಬೇಡಿಕೆ ಇರುವುದನ್ನು ಕಂಡು ಕಂಪೆನಿಯೇ 1988ರಲ್ಲಿ ಸ್ಪ್ರಿಂಗರ್ ಫೋರ್ಕನ್ನು ಹೊಸದಾಗಿ ಮಾಡಿ ಮತ್ತೆ ಮಾರಿತು. ಇಂದು ಸ್ವಂತ ಇಷ್ಟಕ್ಕೆ ಕಟ್ಟಿಸುವ ಬೈಕುಗಳಿಗೆಂದು ಬೇರೆ ತಯಾರಕರೂ ಇದನ್ನು ಮಾಡುತ್ತಾರೆ. ಅಂದರೆ ಇದನ್ನು ಬಯಸುವವನು ಹೆಚ್ಚಾಗಿ ನೋಟಕ್ಕಾಗಿ ಬಯಸುತ್ತಾನೆ. ಗಂಡಾಂತರ ಶುರುವಾಗುವುದೂ ಅಲ್ಲಿಂದಲೇ.

ಇನ್ನು ಅದರ ಅಂಗಾಂಗ. ಹಿಂದಿನ ಜೊತೆ ಗಟ್ಟಿ ಕಾಲು. ಅದು ಚೇಸಿಸಿನ ಕುತ್ತಿಗೆಯಲ್ಲಿ ಕೂತು ಹ್ಯಾಂಡಲಿನೊಂದಿಗೆ ತಿರುಗುತ್ತದೆಯೇ ಹೊರತು ಮೇಲೆ ಕೆಳಗೆ ಹೋಗುವುದಿಲ್ಲ. ಮುಂದಿನ ಜೊತೆ ಸ್ಪ್ರಿಂಗ್ ಕಾಲು. ಅದು ಮೇಲೆ ಕೆಳಗೆ ಚಲಿಸುತ್ತದೆ. ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಗಟ್ಟಿಯಾದ ಚಿಕ್ಕ ತುಂಡುಗಳಿವೆ. ರಾಕರ್ ಎಂದು ಹೆಸರು. ನಮ್ಮ ಮನೆಮನೆಯಲ್ಲಿರುವ ಅಡಕತ್ತರಿಯನ್ನು ನೆನಪಿಸಿಕೊಳ್ಳಿ. ಅದರ ಕೀಲು ಇರುವಲ್ಲಿ ಗಟ್ಟಿ ಕಾಲು, ಅಡಿಕೆ ಇಡುವಲ್ಲಿ ಸ್ಪ್ರಿಂಗ್ ಕಾಲು, ಕೈ ಹಿಡಿಯುವಲ್ಲಿ ಚಕ್ರದ ಆಕ್ಸಲ್. ಸಾಮಾನ್ಯವಾದ ಜೋಡಣೆ ಇದು. ಚಕ್ರ ಹಂಪನ್ನು ಏರಿದಾಗ ರಾಕರ್ ಕೀಲಿನ ಸುತ್ತ ತಿರುಗಿ ಸ್ಪ್ರಿಂಗ್ ಕಾಲನ್ನು ಮೇಲಕ್ಕೆ ತಳ್ಳುತ್ತದೆ. ಕೈ ಹೆಚ್ಚು ಚಲಿಸಿ ಅಡಿಕೆಯ ಮೇಲೆ ಕಡಿಮೆ ದೂರ, ಹೆಚ್ಚು ಬಲ ಬೀಳುವಂತೆಯೇ ಇಲ್ಲಿಯೂ ಚಕ್ರ ಏರಿದಷ್ಟು ಸ್ಪ್ರಿಂಗ್ ಕುಗ್ಗುವುದಿಲ್ಲ, ಆದರೆ ಸ್ಪ್ರಿಂಗಿನ ಮೇಲೆ ಬೀಳುವ ಬಲ ಚಕ್ರದ ಭಾರಕ್ಕಿಂತ ಹೆಚ್ಚು.

ಸ್ಪ್ರಿಂಗ್ ಕಾಲಿನ ತಲೆಯಿಂದ ಎರಡು ಸರಳುಗಳು ಮೇಲೆದ್ದಿರುತ್ತವೆ. ಅವು ಗಟ್ಟಿ ಕಾಲಿಗೆ ಸೇರಿದ ಒಂದು ಅಡ್ಡಪಟ್ಟಿಯ ತೂತಿನ ಮೂಲಕ ಹಾದುಹೋಗುತ್ತವೆ. ಅಡ್ಡಪಟ್ಟಿಯ ಕೆಳಗಿನ ಸ್ಪ್ರಿಂಗ್ ಭಾರ ಹೊರುವಂಥದ್ದು. ಮೇಲಿನದು, ಚಕ್ರ ಕೆಳಗೆ ಮರಳುವಾಗ ದಡಕ್ಕನೆ ಹೊಡೆಯದಂತೆ ತಡೆಯುವಂಥದ್ದು. ಎಲ್ಲಕ್ಕೂ ಮೇಲೆ ಸರಳಿನ ತುದಿಯಲ್ಲಿ ನಟ್ಟು. ನಮ್ಮ ಹುಡುಗ ಬಿಗಿದದ್ದು ಈ ನಟ್ಟನ್ನು.

ಈಗ ಓದುಗರು ಒಂದು ಕ್ಷಣ ನಮ್ಮ ತರಗತಿಯಲ್ಲಿ ಕುಳಿತುಕೊಳ್ಳಬೇಕು. ನಟ್ಟು ಬಿಗಿದರೆ ಏನಾಗುತ್ತದೆ? ಸ್ಪ್ರಿಂಗ್ ಬಿಗಿಯಾಗಿ ಬೈಕಿನ ಮುಂಭಾಗ ಎತ್ತರಕ್ಕೆ ನಿಲ್ಲುತ್ತದೆ ಎಂದೇ ಹೆಚ್ಚಿನವರು ಹೇಳುತ್ತಾರೆ. ನಾವೂ ಹಾಗೆಯೇ ಎಣಿಸಿದ್ದೆವು. ನಟ್ಟು ಸರಳನ್ನು ಮೇಲಕ್ಕೆ ಎಳೆಯುತ್ತದೆ. ಸರಳಿನೊಂದಿಗೆ ಸ್ಪ್ರಿಂಗ್ ಕಾಲು, ಅದರೊಂದಿಗೆ ಚಕ್ರವೂ ಮೇಲಕ್ಕೆ ಬರುತ್ತದೆ. ಚಕ್ರ ಮೇಲೆ ಬಂದಿತೆಂದರೆ ಬೈಕು ಕೆಳಗಿಳಿಯಿತೆಂದೇ ಅರ್ಥ. ಮೇಲಿನ ಸ್ಪ್ರಿಂಗು ಭಾರ ಹೊರಲು ಸಹಾಯ ಮಾಡುವುದಿಲ್ಲ. ಕೆಳಗಿನದರ ಹೆಗಲ ಮೇಲೆ ತಾನೂ ಒಂದು ಹೊರೆಯಾಗಿ ಕುಳಿತುಕೊಳ್ಳುತ್ತದೆ.

ಕರಿಹಲಗೆಯ ಲೆಕ್ಕವೊಂದನ್ನು ಮಾಡೋಣ. ಅಂಕೆಗಳು ಯಾವ ಬೈಕಿನದ್ದೂ ಅಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡವು. ಕೆಳಗಿನ ಸ್ಪ್ರಿಂಗನ್ನು 1 ಸೆಂಟಿಮೀಟರ್ ಕುಗ್ಗಿಸಲು 40 ಕಿಲೊ ಭಾರ ಬೇಕು, ಮೇಲಿನದಕ್ಕೆ 20 ಕಿಲೊ. ಸವಾರ ಕುಳಿತಾಗ ಸ್ಪ್ರಿಂಗ್ ಕಾಲಿನ ಮೇಲೆ ಬೀಳುವ ಭಾರ 80 ಕಿಲೊ. ನಟ್ಟು ಸುಮ್ಮನೆ ತಾಗುವಷ್ಟೇ ಇದ್ದರೆ ಕೆಳಗಿನ ಸ್ಪ್ರಿಂಗ್ 2 ಸೆಂಟಿಮೀಟರ್ ಕುಗ್ಗಿ 80 ಕಿಲೊವನ್ನು ಹೊರುತ್ತದೆ. ನಟ್ಟನ್ನು 1 ಸೆಂಟಿಮೀಟರ್ ಬಿಗಿದರೂ ಸವಾರ ಕುಳಿತ ಮೇಲೆ ಅದೇ 2 ಸೆಂಟಿಮೀಟರ್, ಏಕೆಂದರೆ ಆಗ ಮೇಲಿನ ಸ್ಪ್ರಿಂಗ್ ಸಡಿಲವಾಗಿಬಿಟ್ಟಿರುತ್ತದೆ. 3.5 ಸೆಂಟಿಮೀಟರ್ ಬಿಗಿದರೆ? ಆಗ ಕೆಳಗಿನದು 2.5 ಸೆಂಟಿಮೀಟರ್ ಕುಗ್ಗುತ್ತದೆ, ಮೇಲಿನದು 1. ಕೆಳಗಿನದರ ಬಲ 100 ಕಿಲೊ. ಅದರಲ್ಲಿ 80 ಸವಾರಿಯ ಭಾರ, ಉಳಿದ 20 ಮೇಲಿನ ಸ್ಪ್ರಿಂಗಿನ ಒತ್ತಡ. ಮುಂಭಾಗ ಅರ್ಧ ಸೆಂಟಿಮೀಟರಿಗಿಂತ ಹೆಚ್ಚೇ ಕೆಳಗಿಳಿಯಿತು. ಹಂಪು ಬಂದಾಗ ಚಕ್ರಕ್ಕೆ ಏರಲು ಉಳಿದ ಜಾಗ ಅಷ್ಟು ಕಡಿಮೆಯಾಯಿತು. ಎರಡೂ ಸ್ಪ್ರಿಂಗುಗಳು ಒಟ್ಟಿಗೆ ಹಿಡಿದುಕೊಂಡಿರುವುದರಿಂದ ಕೈಗೆ ಗಟ್ಟಿಯೆನಿಸುವುದೇನೋ ಹೌದು. ಸವಾರ ಅದನ್ನೇ ಸರಿಯಾಯಿತೆಂದು ತಿಳಿದು ಹೊರಡುತ್ತಾನೆ.

ಇದನ್ನು ತಿಳಿಯಲು ದೊಡ್ಡ ಎಂಜಿನಿಯರಿಂಗ್ ಪದವಿ ಬೇಡ. ಎಳೆದಷ್ಟು ಬಲ ಎಂಬ ಸ್ಪ್ರಿಂಗಿನ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಪ್ರಕಟಿಸಿ, 1678ರಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಿದ. ಅವನು ಎರಡು ವರ್ಷ ಮುಚ್ಚಿಟ್ಟ. ನಾವು ಮೇಷ್ಟರುಗಳು ಅದನ್ನು ಬಾಯಿಪಾಠದೊಳಗೆ ಈಗಲೂ ಮುಚ್ಚಿಟ್ಟಿದ್ದೇವೆ.

ಹಾಗಾದರೆ ಆ ಫೋರ್ಕನ್ನು ಸರಿಪಡಿಸುವ ಕ್ರಮ ಯಾವುದು? ಬಲ್ಲವರು ಹೇಳುವುದರ ಸಾರ ಇಷ್ಟು.

ಮೊದಲು ರೋಗ ಯಾವುದೆಂದು ಕೇಳಬೇಕು. 'ಮುಂದು ಕುಣಿಯುತ್ತದೆ' ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ರೋಗ ಇರಬಹುದು. ಬ್ರೇಕ್ ಹಿಡಿದಾಗ, ಹಂಪು ಹತ್ತಿದಾಗ ಮುಂಭಾಗ ಆಳಕ್ಕೆ ಕುಸಿಯುತ್ತಿದ್ದರೆ ಸ್ಪ್ರಿಂಗ್ ಸವಾರನ ತೂಕಕ್ಕೆ ಸಾಲದು. ಹಂಪು ದಾಟಿದ ಮೇಲೂ ತೊಟ್ಟಿಲಿನಂತೆ ತೂಗಾಡುತ್ತಿದ್ದರೆ ಕುಣಿತವನ್ನು ಅಡಗಿಸುವ ಸಾಧನ ಇಲ್ಲ ಅಥವಾ ಕೆಟ್ಟಿದೆ. ಬರೇ ಸ್ಪ್ರಿಂಗಿಗೆ ಕುಣಿತ ನಿಲ್ಲಿಸುವ ಗುಣವಿಲ್ಲ. ಅದಕ್ಕಾಗಿಯೇ ಹಾರ್ಲೆಯವರು ಹಳೆಯ ಸ್ಪ್ರಿಂಗರುಗಳಿಗೆ ಮೊದಲು ತಿಕ್ಕಾಟದಿಂದ ತಡೆಯುವ ತಟ್ಟೆಗಳನ್ನು, 1940ರ ದಶಕದಲ್ಲಿ ಎಣ್ಣೆಯ ಶಾಕ್ ಅಬ್ಸಾರ್ಬರನ್ನು ಜೋಡಿಸಿದರು. 1988ರ ಹೊಸ ಮಾದರಿಯಲ್ಲಿಯೂ ನಡುವೆ ಒಂದು ಶಾಕ್ ಅಬ್ಸಾರ್ಬರ್ ಇದೆ. ಮೂರನೆಯದು, ಕಟಕಟ ಸದ್ದಿನೊಂದಿಗೆ ಅದುರುತ್ತಿದ್ದರೆ ರಾಕರಿನ ಬುಶ್ ಸವೆದಿದೆ. ಈ ಮೂರರಲ್ಲಿ ಎರಡಕ್ಕೆ ನಟ್ಟು ಮದ್ದೇ ಅಲ್ಲ. ಜ್ವರ, ಹೊಟ್ಟೆನೋವು, ಗಾಯ ಮೂರಕ್ಕೂ ಒಂದೇ ಗುಳಿಗೆ ಕೊಟ್ಟ ಹಾಗೆ ಅದು.

ಎರಡನೆಯದಾಗಿ ಬೈಕನ್ನು ಚೇಸಿಸಿನ ಕೆಳಗೆ ಭದ್ರವಾಗಿ ಆನಿಸಿ, ಮುಂಚಕ್ರ ನೆಲದಿಂದ ಮೇಲೇಳುವಂತೆ ನಿಲ್ಲಿಸಬೇಕು. ಕಾಲುಗಳ ಬುಡ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲುಗಿಸಿ ನೋಡಬೇಕು. ಅಲುಗಾಟ ಹ್ಯಾಂಡಲಿನ ಕುತ್ತಿಗೆಯ ಬೇರಿಂಗಿನದೋ ರಾಕರಿನ ಬುಶ್ಶಿನದೋ ಎಂದು ಬೇರ್ಪಡಿಸಿ ತಿಳಿಯಬೇಕು. ಬುಶ್ ಹೋಗಿದ್ದರೆ ಅದನ್ನು ಬದಲಿಸಿ ಗ್ರೀಸ್ ತುಂಬುವ ತನಕ ಬೇರೆ ಯಾವ ಕೆಲಸವೂ ಇಲ್ಲ. ವೆಲ್ಡಿಂಗ್ ಮಾಡಿದ ಜಾಗಗಳಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ, ಆಕ್ಸಲ್ ನಟ್ಟು, ಸ್ಪ್ಲಿಟ್ ಪಿನ್ನು ಸರಿಯಿವೆಯೇ ಎಂದು ಬಟ್ಟೆಯಿಂದ ಒರಸಿ ನೋಡಬೇಕು. ಬ್ರೇಕಿನ ಆಧಾರದ ಕೈ ಸರಿಯಾಗಿ ಕಟ್ಟಿಕೊಂಡಿದೆಯೇ ಎಂಬುದು ಬಹಳ ಮುಖ್ಯ. ಬ್ರೇಕ್ ಹಿಡಿದಾಗ ತಿರುಗುವ ಚಕ್ರ ಬ್ರೇಕಿನ ತಟ್ಟೆಯನ್ನೂ ತನ್ನೊಡನೆ ತಿರುಗಿಸಲು ನೋಡುತ್ತದೆ. ಆ ಬಲ ಯಾವ ಕಾಲಿಗೆ ಹೋಗಬೇಕೋ ಆ ಕಾಲಿಗೆ ಹೋಗದಿದ್ದರೆ, ಬ್ರೇಕ್ ಹಿಡಿದ ಗಳಿಗೆಯಲ್ಲಿಯೇ ಸ್ಪ್ರಿಂಗಿನ ಚಲನೆ ಹಿಡಿದುಕೊಂಡುಬಿಡಬಹುದು.

ಮೂರನೆಯದು ಅಳತೆ. ಎರಡೂ ಕಡೆ ನಟ್ಟಿನ ಮೇಲೆ ಎಷ್ಟು ಮರೆ ಹೊರಗೆ ಕಾಣುತ್ತದೆ, ಸ್ಪ್ರಿಂಗುಗಳ ಉದ್ದ ಎಷ್ಟು ಎಂದು ಸ್ಕೇಲಿನಿಂದ ಅಳೆದು ಬರೆದಿಡಬೇಕು. ಇದು ಹಿಂದಕ್ಕೆ ಮರಳುವ ದಾರಿ. ಬರೆದಿಡದವನಿಗೆ ಮೊದಲಿನ ಸ್ಥಿತಿಗೆ ಮರಳಲು ಸಾಧ್ಯವಿಲ್ಲ.

ನಾಲ್ಕನೆಯದಾಗಿ ನಟ್ಟುಗಳನ್ನು ಸಡಿಲಿಸಿ, ಮೇಲಿನ ಸ್ಪ್ರಿಂಗುಗಳು ಸುಮ್ಮನೆ ತಾಗುವಲ್ಲಿಗೆ ತಂದು, ಅಲ್ಲಿಂದ ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು ಎಂದು ಸಮನಾಗಿ ಸ್ವಲ್ಪವೇ ಬಿಗಿಯಬೇಕು. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾದರೆ ಎರಡು ರಾಕರುಗಳು ಎರಡು ಕೋನದಲ್ಲಿ ನಿಲ್ಲಲು ಹೆಣಗುತ್ತವೆ. ಆಕ್ಸಲ್ ತಿರುಚಿಕೊಂಡು ಬುಶ್ ಒಂದೇ ಬದಿಯಲ್ಲಿ ಸವೆಯುತ್ತದೆ. ಅನಂತರ ಚಕ್ರ ನೆಲಕ್ಕಿಳಿಸಿ, ಸವಾರನನ್ನೇ ಕೂರಿಸಿ, ನಾಲ್ಕಾರು ಬಾರಿ ಒತ್ತಿ ಬಿಟ್ಟು ರಾಕರನ್ನು ನೋಡಬೇಕು. ಅದು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಇಲ್ಲವೇ ತಯಾರಕರು ಹೇಳಿದ ಕೋನದಲ್ಲಿ ಇದ್ದರೆ ಸರಿ. ಚಕ್ರದ ಕಡೆ ವಿಪರೀತ ಮೇಲೆದ್ದಿದ್ದರೆ ಕೆಳಗಿನ ಸ್ಪ್ರಿಂಗ್ ಈ ತೂಕಕ್ಕೆ ಸಾಲದೆಂದು ಅರ್ಥ. ಅದಕ್ಕೆ ಮದ್ದು ಗಟ್ಟಿಯಾದ ಬೇರೆ ಸ್ಪ್ರಿಂಗ್. ನಟ್ಟನ್ನು ಮತ್ತಷ್ಟು ಬಿಗಿದರೆ ಹೊರೆ ಹೆಚ್ಚುವುದನ್ನು ಆಗಲೇ ಲೆಕ್ಕದಲ್ಲಿ ನೋಡಿದೆವು.

ಕೊನೆಗೆ ಲಾಕ್ ನಟ್ ಹಾಕಿ, ಮೊದಲು ನಿಧಾನವಾಗಿ ಓಡಿಸಿ, ಬ್ರೇಕ್ ಹಿಡಿದು ನೋಡಿ, ಕೆಲವು ದಿನಗಳ ಬಳಿಕ ಮತ್ತೆ ಕರೆಸಿ ಅಳೆಯಬೇಕು. ಮುಂಭಾಗ ಏರಿದರೂ ಇಳಿದರೂ ಹ್ಯಾಂಡಲಿನ ಕುತ್ತಿಗೆಯ ಓರೆ ಬದಲಾಗುತ್ತದೆ. ಆ ಕುತ್ತಿಗೆಯ ಗೆರೆಯನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವಿಗೂ ಟಯರು ನೆಲ ಮುಟ್ಟುವ ಬಿಂದುವಿಗೂ ನಡುವೆ ಒಂದು ಅಂತರವಿದೆ. ಬೈಕ್ ನೇರ ಓಡುವುದು, ತಿರುವಿನಲ್ಲಿ ಮಾತು ಕೇಳುವುದು ಬಹುಪಾಲು ಆ ಅಂತರದ ಮೇಲೆಯೇ. ಆದುದರಿಂದ ನಟ್ಟಿನ ಕೆಲಸ ಎಂದರೆ ಹ್ಯಾಂಡಲಿನ ಕೆಲಸವೂ ಹೌದು.

ಇಷ್ಟನ್ನು ಬರೆದ ಮೇಲೆ ಆ ಹುಡುಗನಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆವು. ಯಜಮಾನರು ಹೇಳಿದ ಕುಣಿತ ಯಾವ ಬಗೆಯದೆಂದು ಕೇಳಿದ್ದೆಯಾ? ಇಲ್ಲ. ಬುಶ್ ನೋಡಿದ್ದೆಯಾ? ಇಲ್ಲ. ಅಳೆದಿದ್ದೆಯಾ? 'ಇಲ್ಲ ಮಾಷ್ಟ್ರೇ, ಕೈ ಲೆಕ್ಕದಲ್ಲಿ ಬಿಗಿದೆ. ಇಲ್ಲಿ ಯಾರೂ ಅಳೆಯುವುದಿಲ್ಲ' ಎಂದ. ಬಿದ್ದುದಕ್ಕೆ ಇದೇ ಕಾರಣವೆಂದು ಇಲ್ಲಿ ಕುಳಿತು ನಾವು ತೀರ್ಪು ಕೊಡಲಾರೆವು. ಮರಳಿದ್ದಿರಬಹುದು, ವೇಗವಿದ್ದಿರಬಹುದು. ಆದರೆ ಅಳೆದು ಬರೆದಿಟ್ಟಿದ್ದರೆ 'ನಾನು ಮಾಡಿದ್ದು ಇಷ್ಟು' ಎಂದು ತೋರಿಸಲು ಅವನ ಕೈಯಲ್ಲಿ ಒಂದು ಚೀಟಿಯಾದರೂ ಇರುತ್ತಿತ್ತು. ಒಂದು ತಿಂಗಳ ಸಂಬಳ ಹೋಗುವಾಗ ಅವನ ಕೈಯಲ್ಲಿ ಏನೂ ಇರಲಿಲ್ಲ.

ಭಾಷೆಯ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. ನಮ್ಮ ಮಗು ಕನ್ನಡದಲ್ಲಿ ವಿಜ್ಞಾನ ಕಲಿಯುತ್ತದೆ. ಊರಿನ ಗ್ಯಾರೇಜಿಗೆ ಹೋದರೆ ಮಲಯಾಳದಲ್ಲಿ 'ಮುರುಕ್ಕ್' ಎನ್ನುತ್ತಾರೆ. ಶಾರ್ಜಾದಲ್ಲಿ ಹಿಂದಿಯಲ್ಲಿ 'ಕಸ್ ದೋ' ಎನ್ನುತ್ತಾರೆ. ಗಿರಾಕಿ 'ಟೈಟ್' ಎನ್ನುತ್ತಾನೆ. ನಾಲ್ಕು ಭಾಷೆಯಲ್ಲಿಯೂ 'ಬಿಗಿ ಮಾಡು' ಎಂಬ ಮಾತು ಕಲಿತ ಹುಡುಗನಿಗೆ 'ಅಳೆದು ನೋಡು' ಎಂದು ಒಂದು ಭಾಷೆಯಲ್ಲಿಯೂ ಯಾರೂ ಹೇಳಿರಲಿಲ್ಲ. ಕನ್ನಡ ಮಾಧ್ಯಮ ಉಳಿಯಬೇಕೆಂದು ನಾವು ಸಭೆ ನಡೆಸುತ್ತೇವೆ, ಠರಾವು ಮಾಡುತ್ತೇವೆ, ಮಾಡಬೇಕಾದದ್ದೇ. ಆದರೆ ಕನ್ನಡದಲ್ಲಿ ಕಲಿತ ಪಾಠ ಕೈಗೆ ಇಳಿಯದೆ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿಯೇ ಉಳಿದುಬಿಟ್ಟರೆ, 'ಆ ಮಾಧ್ಯಮದಿಂದ ಏನು ಪ್ರಯೋಜನವಾಯಿತು?' ಎಂದು ಹೆತ್ತವರು ಕೇಳುವಾಗ ನಮ್ಮಲ್ಲಿ ಉತ್ತರವಿರುವುದಿಲ್ಲ.

ಇನ್ನು ಕಾನೂನು. ನಮ್ಮ ದೇಶದ ರಸ್ತೆಯಲ್ಲಿ ಇಂಥ ಬದಲಾವಣೆಗೆ ಅವಕಾಶವೇ ಇಲ್ಲ, ಮತ್ತೇಕೆ ಈ ಚರ್ಚೆ ಎಂದು ಕೇಳುವವರಿದ್ದಾರೆ. ಹೌದು, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಇದನ್ನು ನಾವು ಒಪ್ಪುತ್ತೇವೆ. ಹೆದ್ದಾರಿಯ ಬದಿಯಲ್ಲಿ ನಡೆದು ಶಾಲೆಗೆ ಬರುವ ಮಕ್ಕಳ ಮೇಷ್ಟರಾದ ನಾವು ಒಪ್ಪದಿರುವುದಾದರೂ ಹೇಗೆ? ಉದ್ದ ಫೋರ್ಕಿನ ಶೋಕಿಗಿಂತ ದಾರಿಹೋಕನ ಜೀವ ದೊಡ್ಡದು.

ಆದರೆ ಕಾನೂನು ಬೈಕನ್ನು ತಡೆಯಬಲ್ಲದೇ ಹೊರತು ಕೈಗೆ ವಿದ್ಯೆ ಕೊಡಲಾರದು. ಮೂಲ ವಿವರದಂತೆಯೇ ಇರುವ ಬುಲೆಟ್ಟಿನಲ್ಲಿಯೂ ಸ್ಕೂಟರಿನಲ್ಲಿಯೂ ಸ್ಪ್ರಿಂಗ್ ಇದೆ, ಬುಶ್ ಇದೆ, ಬೇರಿಂಗ್ ಇದೆ. ಅವುಗಳನ್ನೂ ಕೈ ಲೆಕ್ಕದಲ್ಲಿಯೇ ಬಿಗಿಯಲಾಗುತ್ತದೆ. ದಂಡ ವಿಧಿಸುವ ಅಧಿಕಾರಿಗಳು ಏನು ಬದಲಾಗಿದೆ ಎಂಬುದರ ಜೊತೆಗೆ ಅದರಿಂದ ಹ್ಯಾಂಡಲಿಗೂ ಬ್ರೇಕಿಗೂ ಏನಾಗುತ್ತದೆ ಎಂಬ ಎರಡು ಮಾತನ್ನು ಆ ಹುಡುಗನಿಗೆ ವಿವರಿಸಿ ಹೇಳಿದರೆ 5,000 ರೂಪಾಯಿಗೆ ಒಂದು ಪಾಠವಾದರೂ ಸಿಕ್ಕೀತು.

ನಮ್ಮ ಸಲಹೆಗಳು ದೊಡ್ಡವಲ್ಲ, ಸರಕಾರದ ಬೊಕ್ಕಸವನ್ನೂ ಬೇಡುವುದಿಲ್ಲ. ಒಂದು, ಪ್ರತಿ ಹೈಸ್ಕೂಲಿನ ಪ್ರಯೋಗಶಾಲೆಗೆ ಗುಜರಿ ಅಂಗಡಿಯಿಂದ ಹಳೆಯ ಸ್ಕೂಟರಿನ ಒಂದೆರಡು ಸ್ಪ್ರಿಂಗ್ ತರಿಸಬೇಕು. ಮಕ್ಕಳೇ ತೂಕ ಹೇರಿ, ಸ್ಕೇಲ್ ಹಿಡಿದು, ಗ್ರಾಫ್ ಎಳೆಯಲಿ. ಒಂದು ಸರಳಿಗೆ ಎರಡು ಸ್ಪ್ರಿಂಗ್ ಪೋಣಿಸಿ, ನಡುವೆ ಹಲಗೆಯಿಟ್ಟು, ನಟ್ಟು ಬಿಗಿದು ಸರಳು ಯಾವ ಕಡೆಗೆ ಹೋಗುತ್ತದೆಂದು ಕಣ್ಣಾರೆ ನೋಡಲಿ. ಎರಡು, ನಮ್ಮ ಗ್ಯಾರೇಜಿನ ಮಾಲಕರು ಒಂದು ನೋಟುಪುಸ್ತಕ ಇಡಬೇಕು. ಗಿರಾಕಿ ಹೇಳಿದ ದೂರು, ಮೊದಲಿನ ಅಳತೆ, ಮಾಡಿದ ಕೆಲಸ, ಅನಂತರದ ಅಳತೆ, ಕೆಳಗೆ ಇಬ್ಬರ ಸಹಿ. ಮಾಡಬಾರದ ಕೆಲಸವನ್ನು ಗಿರಾಕಿ ಹೇಳಿದರೆ 'ಇದನ್ನು ಮಾಡಲಾಗದು' ಎಂದು ಬರೆಯುವ ಧೈರ್ಯ ಕೆಲಸದ ಹುಡುಗನಿಗೆ ಇರಬೇಕು, ಆ ಧೈರ್ಯಕ್ಕೆ ಮಾಲಕರ ಬೆಂಬಲ ಇರಬೇಕು. ಮದ್ದು ಯಾವುದೆಂದು ರೋಗಿಯೇ ಹೇಳಿ ವೈದ್ಯನಿಂದ ಚುಚ್ಚಿಸಿಕೊಳ್ಳುವುದಿಲ್ಲ. ಯಂತ್ರದ ವಿಷಯದಲ್ಲಿ ಮಾತ್ರ ಹಣ ಕೊಟ್ಟವನೇ ವೈದ್ಯನಾಗುವುದು ಯಾಕೆ? ಮೂರು, ಗಲ್ಫಿನಿಂದ ರಜೆಯಲ್ಲಿ ಬರುವ ಇಂಥ ಹುಡುಗರನ್ನು ಶಾಲೆಗೆ ಕರೆದು ಒಂದು ಗಂಟೆ ಮಾತನಾಡಿಸಬೇಕು. ಅವರ ಕೈಯಲ್ಲಿರುವುದು ನಮ್ಮ ಪುಸ್ತಕದಲ್ಲಿಲ್ಲ, ನಮ್ಮ ಪುಸ್ತಕದಲ್ಲಿರುವುದು ಅವರ ಕೈಗೆ ಇಳಿದಿಲ್ಲ.

ಈಗ ಆ ಹುಡುಗನ ಪ್ರಶ್ನೆಗೆ ನಮ್ಮ ಉತ್ತರ. ತಪ್ಪು ಮೂರು ಪಾಲು. ರೋಗ ಹೇಳದೆ ಮದ್ದನ್ನೇ ಆಜ್ಞಾಪಿಸಿದ ಯಜಮಾನರದು ಒಂದು ಪಾಲು. ಅಳೆಯದೆ ಬಿಗಿದ ಅವನದು ಒಂದು ಪಾಲು. ಸ್ಪ್ರಿಂಗನ್ನು ಕೈಗೆ ಕೊಡದೆ ಸ್ಪ್ರಿಂಗಿನ ನಿಯಮವನ್ನು ಬರೆಸಿ, ಬಾಯಿಪಾಠ ಒಪ್ಪಿಸಿದಾಗ ಬೆನ್ನು ತಟ್ಟಿದ ನಮ್ಮದು ಇನ್ನೊಂದು ಪಾಲು. ಸಂಬಳ ಕಡಿತವಾದದ್ದು ಮಾತ್ರ ಒಬ್ಬನದು.

ನಮ್ಮ ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಇದೆ. ಮಕ್ಕಳು ಹಾಳುಮಾಡಿಯಾರು ಎಂದು ಬೀಗ ಹಾಕಿಟ್ಟಿದ್ದೆವು. ಜೂನಿನಲ್ಲಿ ಶಾಲೆ ತೆರೆದ ವಾರವೇ ಅದನ್ನು ಹೊರಗೆ ತೆಗೆದು ಎಂಟನೆಯ ತರಗತಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಅದರ ಮುಳ್ಳು ಆಗಲೇ ಸ್ವಲ್ಪ ಬಾಗಿದೆ. ಬಾಗಲಿ.